ಬರಗೆಟ್ಟವರು: ಅರಮನೆ ಮೈದಾನದ ಊಟದ ಮೇಳ ಮತ್ತು ಧಾತು ಈಶ್ವರ ಬರ

ಇವತ್ತಿನ ವಿಷಯ ಊಟ. ಆದರೆ ಸ್ವಲ್ಪ ಹೊತ್ತಿನಲ್ಲೇ ಅದು ಊಟ ಇಲ್ಲದ ಕಾಲಕ್ಕೆ ಹೋಗತ್ತೆ. ತಟ್ಟೆ ಮುಂದೆ ಕೂತು ಕೇಳ್ತಾ ಇದ್ದರೆ ಮೊದಲು ತಿಂದು ಮುಗಿಸಿ, ಆಮೇಲೆ ಕೇಳಿ.

ಕಳೆದ ಚಳಿಗಾಲದಲ್ಲಿ ಒಂದು ಶನಿವಾರ ಸಂಜೆ ಗೆಳೆಯರ ಜೊತೆ ಬೆಂಗಳೂರು ಅರಮನೆ ಮೈದಾನಕ್ಕೆ ಹೋಗಿದ್ದೆ. ವಾರಾಂತ್ಯದ ಊಟದ ಮೇಳ. ಗೇಟಲ್ಲಿ ಟಿಕೆಟ್, ಕೈಗೆ ಕಾಗದದ ಪಟ್ಟಿ, ಒಳಗೆ ಸಾಲು ಸಾಲು ಸ್ಟಾಲು, ಕಿವಿಗೆ ಬಡಿಯೋ ಹಾಡು. ನಾನು ಹುಟ್ಟಿ ಬೆಳೆದಿದ್ದು ಚಾಮರಾಜಪೇಟೆಯಲ್ಲಿ. ನಮ್ಮ ಕಡೆಯವರಿಗೆ ತಿನ್ನೋ ಜಾತ್ರೆ ಅಂದ್ರೆ ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿಯಲ್ಲಿ ನಡೆಯೋ ಕಡಲೆಕಾಯಿ ಪರಿಷೆ, ಇಲ್ಲಾ ವಿ.ವಿ.ಪುರಂನಲ್ಲಿ ಶುರುವಾದ ಅವರೆಬೇಳೆ ಮೇಳ. ಎರಡೂ ಹೊಲದ ಬೆಳೆ ಬಂದ ಹೊತ್ತಿಗೆ ಬರೋವು. ಪರಿಷೆಗಂತೂ ಗೇಟೂ ಇಲ್ಲ, ಟಿಕೆಟ್ಟೂ ಇಲ್ಲ. ನಡೀತಾ ತಿನ್ನೋದು, ಸಿಪ್ಪೆ ಜೇಬಿಗೆ ಹಾಕ್ಕೊಳ್ಳೋದು. ಅರಮನೆ ಮೇಳದಲ್ಲಿ ನನಗೆ ಹೊಸದು ಅನ್ನಿಸಿದ್ದು ಅದೇ. ಅಲ್ಲಿ ಯಾವ ಬೆಳೆಗೂ ಯಾವ ತಿಂಗಳಿಗೂ ಸಂಬಂಧ ಇರಲಿಲ್ಲ. ಎಲ್ಲಾ ಊಟವೂ ಎಲ್ಲಾ ಕಾಲದಲ್ಲೂ ಸಿಗತ್ತೆ ಅನ್ನೋದೇ ಅಲ್ಲಿನ ಹಬ್ಬ.

ಐದು ಜನ ಹದಿನಾಲ್ಕು ತಟ್ಟೆ ತಗೊಂಡ್ವಿ. ಲೆಕ್ಕ ನೆನಪಿದೆ, ಯಾಕಂದ್ರೆ ಕೊನೆಯಲ್ಲಿ ದುಡ್ಡು ಹಂಚಿದ್ದು ನಾನೇ. ಆರು ತಟ್ಟೆ ಅರ್ಧಕ್ಕೆ ಬಿಟ್ವಿ. ನಾನು ಬಿಟ್ಟಿದ್ದರಲ್ಲಿ ಒಂದು ರಾಗಿಯಲ್ಲಿ ಮಾಡಿದ ಯಾವುದೋ ಕೇಕು. ಅದನ್ನ ಡಬ್ಬಕ್ಕೆ ಹಾಕೋವಾಗ ಬೆನ್ನ ಹಿಂದೆ ದೀಪ ಹಾಕಿದ್ದ ಅರಮನೆಯ ಗೋಪುರ ಕಾಣ್ತಿತ್ತು. ಒಂದು ಫೋಟೋ ಹೊಡೆದು ಮನೆಗೆ ಬಂದೆ.

ಮನೆಯಲ್ಲಿ ಅಜ್ಜಿ ಎಚ್ಚರವಾಗಿದ್ದರು. ನಮ್ಮಜ್ಜಿಗೆ ಈಗ 86. ಫೋನ್ ತಗೊಂಡು ಫೋಟೋಗಳನ್ನ ಒಂದೊಂದಾಗಿ ನೋಡಿದರು. ತಟ್ಟೆಗಳ ಫೋಟೋ ಬಂದಾಗ ಕೇಳಿದರು, "ಇಷ್ಟೂ ತಿಂದ್ಯೇನೋ?"

"ಇಲ್ಲಜ್ಜಿ, ಅರ್ಧಂಬರ್ಧ."

"ಮತ್ತೆ ಯಾಕೋ ತಗೊಂಡೆ, ಬರಗೆಟ್ಟೋರ ಥರ?"

ಬರಗೆಟ್ಟವರು. ಈ ಮಾತು ಬೈಸ್ಕೊಳ್ಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಮದುವೆ ಮನೆಯಲ್ಲಿ ಎರಡನೇ ಸಲ ಹೋಳಿಗೆ ಹಾಕಿಸ್ಕೊಂಡ್ರೆ ಬರಗೆಟ್ಟವರು, ಬಿಸಿ ಬೋಂಡಾಕ್ಕೆ ಬಾಣಲೆ ಹತ್ರಾನೇ ನಿಂತ್ರೆ ಬರಗೆಟ್ಟವರು. ನಾನು ಇಷ್ಟು ವರ್ಷ ಅದನ್ನ ದುರಾಸೆ ಅನ್ನೋ ಅರ್ಥದಲ್ಲಿ ಮಾತ್ರ ಕೇಳಿಸ್ಕೊಂಡಿದ್ದೆ. ಆ ರಾತ್ರಿ ಮೊದಲ ಸಲ ಪದ ಬಿಡಿಸಿ ನೋಡಿದೆ. ಬರದಿಂದ ಕೆಟ್ಟವರು. ಬರ ಬಂದು ಮನೆ ಮಠ ಕಳ್ಕೊಂಡವರು. ಅದು ಬೈಗುಳ ಆಗೋ ಮೊದಲು ನಿಜವಾದ ಜನರ ಹೆಸರಾಗಿತ್ತು.

"ಯಾವ ಬರ ಅಜ್ಜಿ ಅದು?" ಅಂದೆ.

"ಧಾತು ಈಶ್ವರ," ಅಂದರು, ಪಕ್ಕದ ಬೀದಿ ಹೆಸರು ಹೇಳೋ ಹಾಗೆ.

ಧಾತು, ಈಶ್ವರ ಎರಡೂ ಸಂವತ್ಸರಗಳ ಹೆಸರು. ಯುಗಾದಿ ಪಂಚಾಂಗದಲ್ಲಿ ಓದ್ತಾರಲ್ಲ, ಆ ಅರವತ್ತು ವರ್ಷಗಳ ಪಟ್ಟಿಯಲ್ಲಿ ಒಂದರ ಹಿಂದೆ ಒಂದು ಬರೋವು. ಧಾತು ಅಂದ್ರೆ ಆಗ 1876-77, ಈಶ್ವರ 1877-78. ಇಂಗ್ಲಿಷ್ ಚರಿತ್ರೆ ಪುಸ್ತಕಗಳು ದಕ್ಷಿಣ ಭಾರತದ ಮಹಾ ಕ್ಷಾಮ ಅನ್ನೋದನ್ನೇ ನಮ್ಮ ಹಳೇ ಮಂದಿ ಸಂವತ್ಸರದ ಹೆಸರಲ್ಲಿ ನೆನಪಿಟ್ಟುಕೊಂಡಿದ್ದರು.

ಮಾರನೇ ದಿನ ಅರಮನೆಯ ಇಸವಿಗಳನ್ನ ನೋಡಿದೆ. ನಾನು ಓದಿದ್ದು ಬಿ.ಕಾಂ. ಎರಡು ಖಾತೆ ಪಕ್ಕಪಕ್ಕ ಇಟ್ಟು ತಾಳೆ ನೋಡೋದು ನಮಗೆ ಕಲಿಸಿದ ಮೊದಲ ಪಾಠ. ಇಲ್ಲಿ ಎರಡು ಖಾತೆಯ ತಾರೀಕುಗಳೂ ಒಂದೇ ಸಮ ಕೂತವು.

ಈಗ ಅರಮನೆ ಇರೋ ಜಾಗ ಮೊದಲು ರೆವರೆಂಡ್ ಗ್ಯಾರೆಟ್ ಅನ್ನೋವರದ್ದು. ಮುಂದೆ ಸೆಂಟ್ರಲ್ ಕಾಲೇಜು ಆದ ಸೆಂಟ್ರಲ್ ಹೈಸ್ಕೂಲಿನ ಮುಖ್ಯಸ್ಥರಾಗಿದ್ದವರು. 1873ರಲ್ಲಿ ಅದನ್ನ ಕೊಂಡರು, ಬೆಲೆ 40 ಸಾವಿರ ರೂಪಾಯಿ ಅಂತ ಹೇಳ್ತಾರೆ. ಕೊಂಡಿದ್ದು ಯಾರಿಗಾಗಿ? ಹತ್ತು ವರ್ಷದ ಒಬ್ಬ ಹುಡುಗನಿಗಾಗಿ. ಹೆಸರು ಚಾಮರಾಜೇಂದ್ರ ಒಡೆಯರ್. ಹೌದು, ನಮ್ಮ ಚಾಮರಾಜಪೇಟೆಯ ಚಾಮರಾಜ.

ಹಿನ್ನೆಲೆ ಚಿಕ್ಕದಾಗಿ ಹೇಳ್ತೀನಿ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನ ಮುಮ್ಮಡಿ ಕೃಷ್ಣರಾಜ ಒಡೆಯರ್ ಕೈಯಿಂದ ತಗೊಂಡು ಕಮಿಷನರುಗಳ ಕೈಗೆ ಕೊಟ್ಟರು. ಐವತ್ತು ವರ್ಷ ಅದೇ ನಡೀತು. ಮುಮ್ಮಡಿಯವರು 1868ರಲ್ಲಿ ತೀರಿಕೊಂಡಾಗ ಅವರ ದತ್ತುಮಗ ಚಾಮರಾಜೇಂದ್ರನಿಗೆ ಐದು ವರ್ಷ. ಪಟ್ಟ ಕಟ್ಟಿದರು, ಅಧಿಕಾರ ಕೊಡಲಿಲ್ಲ. ಕರ್ನಲ್ ಮ್ಯಾಲಿಸನ್ ಅನ್ನೋ ಬ್ರಿಟಿಷ್ ಅಧಿಕಾರಿಯನ್ನ ಪೋಷಕ ಅಂತ ನೇಮಿಸಿದರು. ಹುಡುಗನಿಗೆ ಇಂಗ್ಲಿಷ್ ವಿದ್ಯೆ, ಕುದುರೆ ಸವಾರಿ, ಜೊತೆಗೆ ಬೆಂಗಳೂರಲ್ಲಿ ಇರೋದಕ್ಕೆ ಒಂದು ಮನೆ. ಆ ಮನೆ ಕಟ್ಟೋದಕ್ಕೆ 1874ರಲ್ಲಿ ಶುರು ಮಾಡಿದರು. ಬುರುಜು, ಗೋಪುರ, ಗೋಡೆ ತುಂಬಾ ಬಳ್ಳಿ. ಇಂಗ್ಲೆಂಡಿನ ಟ್ಯೂಡರ್ ಕಾಲದ ಕಟ್ಟಡಗಳ ಮಾದರಿ. ಮುಗಿದಿದ್ದು 1878ರಲ್ಲಿ.

ಈಗ ಇನ್ನೊಂದು ಖಾತೆ ತೆಗೀರಿ. 1875ರಲ್ಲಿ ಮಳೆ ಕಡಿಮೆ. 1876ರಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. 1877ರ ಮುಂಗಾರೂ ಸರಿಯಾಗಿ ಬರಲಿಲ್ಲ, ಸೆಪ್ಟೆಂಬರ್ ಹೊತ್ತಿಗೆ ಮಳೆ ಹಿಡೀತು. ಕೋಲಾರ, ತುಮಕೂರು, ಚಿತ್ರದುರ್ಗ, ಬೆಂಗಳೂರು, ಹೀಗೆ ಬಯಲುಸೀಮೆಗೆ ಪೆಟ್ಟು ಜೋರು. ಮಲೆನಾಡು ಅಷ್ಟು ಕೆಡಲಿಲ್ಲ.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಕಳೆದರೆ 8,69,224. ನೂರಕ್ಕೆ ಹದಿನೇಳು ಜನ ಇಲ್ಲ. ಆ ಹತ್ತು ವರ್ಷದಲ್ಲಿ ಸಹಜವಾಗಿ ಹೆಚ್ಚಬೇಕಾಗಿದ್ದ ಸಂಖ್ಯೆಯನ್ನೂ ಸೇರಿಸಿದರೆ ನಷ್ಟ ಹತ್ತು ಲಕ್ಷದ ಆಚೆಗೆ ಹೋಗತ್ತೆ. 1891ರ ಗಣತಿಯಲ್ಲೂ ಸಂಸ್ಥಾನ 1871ರ ಸಂಖ್ಯೆಯನ್ನ ಮುಟ್ಟಲಿಲ್ಲ. ಮರುವರ್ಷ, 1892ರಲ್ಲಿ, ಪೇಟೆಯ ಪಶ್ಚಿಮಕ್ಕೆ ನಮ್ಮ ಚಾಮರಾಜಪೇಟೆ ಬಡಾವಣೆ ಆಯ್ತು. ನೇರ ರಸ್ತೆ, ಅಡ್ಡರಸ್ತೆ, ಸೈಟು. ನಾವು ಈ ಬಡಾವಣೆಗಳ ಕಥೆಯನ್ನ ಯಾವಾಗಲೂ 1898ರ ಪ್ಲೇಗಿನಿಂದ ಶುರು ಮಾಡ್ತೀವಿ. ಪ್ಲೇಗ್ ಬಂತು, ಪೇಟೆ ಇಕ್ಕಟ್ಟು ಅಂತ ಬಸವನಗುಡಿ, ಮಲ್ಲೇಶ್ವರ ಆಯ್ತು ಅಂತ. ಅದು ಸರಿ. ಆದರೆ ಪ್ಲೇಗಿಗಿಂತ ಇಪ್ಪತ್ತು ವರ್ಷ ಹಿಂದಿನ ಈ ಬರವನ್ನ ಬೆಂಗಳೂರಿನ ಕಥೆ ಹೇಳೋವಾಗ ಬಿಟ್ಟೇ ಬಿಡ್ತೀವಿ.

ಬರ ಅಂದ್ರೆ ಧಾನ್ಯವೇ ಇರಲಿಲ್ವಾ? ಕಾಮರ್ಸ್ ಓದಿದವನಿಗೆ ಮೊದಲು ಬರೋ ಪ್ರಶ್ನೆ ಇದು. ಇಲ್ಲಿ ಬೆಳೆ ಇರಲಿಲ್ಲ, ನಿಜ. ಆದರೆ ಬೇರೆ ಕಡೆ ಇತ್ತು. ಅದೇ ಬರದ ಕಾಲದಲ್ಲಿ ಭಾರತದಿಂದ ಇಂಗ್ಲೆಂಡಿಗೆ ಸುಮಾರು 3 ಲಕ್ಷ 20 ಸಾವಿರ ಟನ್ ಗೋಧಿ ಹಡಗು ಹತ್ತಿತು ಅನ್ನೋ ಲೆಕ್ಕ ಇದೆ. ವೈಸರಾಯ್ ಲಾರ್ಡ್ ಲಿಟನ್‌ಗೆ ಮಾರುಕಟ್ಟೆಯಲ್ಲಿ ಸರ್ಕಾರ ಕೈ ಹಾಕಬಾರದು ಅನ್ನೋ ನಂಬಿಕೆ. ಮದ್ರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಸರ್ಕಾರದ ದುಡ್ಡಲ್ಲಿ ಧಾನ್ಯ ಕೊಳ್ಳೋಕೆ ಹೋದರೆ ಅದಕ್ಕೂ ಆಕ್ಷೇಪ.

ಬೆಂಗಳೂರಿಗೆ ಮದ್ರಾಸ್ ಕಡೆಯಿಂದ ರೈಲು 1864ರಲ್ಲೇ ಬಂದಿತ್ತು, ಕಂಟೋನ್ಮೆಂಟ್ ಸ್ಟೇಷನ್ನಿಗೆ. ಬರದ ಕಾಲದಲ್ಲಿ ಹೊರಗಿನ ಧಾನ್ಯ ಬಂದಿದ್ದು ಆ ಹಳಿ ಮೇಲೆ. ಹಳಿ ಅಲ್ಲಿಗೇ ಮುಗೀತಿತ್ತು. ಮುಂದಕ್ಕೆ ತುಮಕೂರು, ಚಿತ್ರದುರ್ಗದ ಕಡೆ ಸಾಗಿಸಬೇಕು ಅಂದ್ರೆ ಎತ್ತಿನ ಗಾಡಿ. ಮೇವಿಲ್ಲದೆ ಎತ್ತುಗಳೇ ಸಾಯ್ತಿದ್ದವು. ಕಂಟೋನ್ಮೆಂಟ್ ಸ್ಟೇಷನ್ನಿಂದ ಅರಮನೆ ಎಷ್ಟು ದೂರ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಒಂದು ಕಡೆ ಧಾನ್ಯದ ಮೂಟೆ ಇಳೀತಿತ್ತು. ಕೂಗಳತೆಯಷ್ಟಲ್ಲದಿದ್ದರೂ, ನಡೆದು ಹೋಗೋ ದೂರದಲ್ಲಿ ಬುರುಜು ಏಳ್ತಿತ್ತು.

1877ರ ಜನವರಿ 1. ದೆಹಲಿಯಲ್ಲಿ ಲಿಟನ್ ದೊಡ್ಡ ದರ್ಬಾರು ಮಾಡಿ ವಿಕ್ಟೋರಿಯಾ ರಾಣಿಯನ್ನ ಭಾರತದ ಸಾಮ್ರಾಜ್ಞಿ ಅಂತ ಘೋಷಿಸಿದ. ರಾಜರು, ನವಾಬರು, ಅಧಿಕಾರಿಗಳು, ದಿನಗಟ್ಟಲೆ ಔತಣ. ಹದಿಮೂರು ವರ್ಷದ ನಮ್ಮ ಚಾಮರಾಜೇಂದ್ರನನ್ನೂ ಅಲ್ಲಿಗೆ ಕರ್ಕೊಂಡು ಹೋಗಿದ್ದರು. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿಯನ್ನ ದಕ್ಷಿಣಕ್ಕೆ ಕಳಿಸಿದರು, ಬರ ಪರಿಹಾರದ ಖರ್ಚು ತಗ್ಗಿಸೋಕೆ. ಈ ಟೆಂಪಲ್ ಮೂರು ವರ್ಷ ಹಿಂದೆ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನ ಉಳಿಸಿದ್ದ, ಅದಕ್ಕೆ ದುಂದುವೆಚ್ಚ ಅಂತ ಬೈಸ್ಕೊಂಡಿದ್ದ. ಈ ಸಲ ಕೈ ಬಿಗಿ ಹಿಡಿದ. ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ದಿನವಿಡೀ ಮಣ್ಣು ಹೊತ್ತ ಗಂಡಸಿಗೆ ಒಂದು ಪೌಂಡ್ ಧಾನ್ಯ, ಒಂದು ಆಣೆ. ಹೆಂಗಸರಿಗೆ, ದುಡಿಯೋ ಮಕ್ಕಳಿಗೆ ಇನ್ನೂ ಕಡಿಮೆ. ಒಂದು ಪೌಂಡ್ ಅಂದ್ರೆ 450 ಗ್ರಾಂ. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದರಲ್ಲಿ ದುಡಿಯೋ ಮನುಷ್ಯ ಬದುಕಲ್ಲ ಅಂತ ಪಟ್ಟು ಹಿಡಿದ ಮೇಲೆ ಮಾರ್ಚಿನಲ್ಲಿ ಅಲ್ಲಿ ಒಂದೂಕಾಲು ಪೌಂಡ್ ಆಯ್ತು, ಜೊತೆಗೆ ಸ್ವಲ್ಪ ಬೇಳೆ.

ಮೈಸೂರಿನಲ್ಲಿ ಗಂಜಿ ಕೇಂದ್ರಗಳು, ಬಡವರ ಶಿಬಿರಗಳು ತೆರೆದವು. ಹಳ್ಳಿ ಬಿಟ್ಟು ಬಂದವರು ಬೆಂಗಳೂರು ತುಂಬಿದರು. 1877ರ ಸೆಪ್ಟೆಂಬರಿನಲ್ಲಿ ಲಿಟನ್ ತಾನೇ ಮದ್ರಾಸು, ಮೈಸೂರಿನ ಕಡೆ ಬಂದು ನೋಡಿ ಹೋದ. ಚಾರ್ಲ್ಸ್ ಎಲಿಯಟ್ ಅನ್ನೋವರನ್ನ ಮೈಸೂರಿಗೆ ಕ್ಷಾಮ ಕಮಿಷನರ್ ಅಂತ ನೇಮಿಸಿದರು. ಅಷ್ಟರಲ್ಲಿ ಹೋದವರು ಹೋಗಿಯಾಗಿತ್ತು. ದುರ್ಭಿಕ್ಷದಲ್ಲಿ ಅಧಿಕ ಮಾಸ ಅಂತಾರಲ್ಲ, ಹಾಗೆ ಎರಡನೇ ವರ್ಷ ಬಂದಿತ್ತು.

ಇಷ್ಟೆಲ್ಲಾ ಓದಿದ ಮೇಲೆ ನನಗೆ ಸಿಟ್ಟು ಬಂದಿದ್ದು ನಿಜ. ಆದರೆ ಆ ಹುಡುಗನ ಮೇಲೆ ಸಿಟ್ಟು ಮಾಡ್ಕೊಳ್ಳೋದು ತಪ್ಪು. ಅವನ ಕೈಯಲ್ಲಿ ಏನೂ ಇರಲಿಲ್ಲ. 1881ರ ಮಾರ್ಚ್ 25ರಂದು ರಾಜ್ಯ ಅವನ ಕೈಗೆ ವಾಪಸ್ ಬಂದಾಗ ಅವನಿಗೆ 18. ಕಮಿಷನರುಗಳ ಕಾಲದಲ್ಲಿ ಕೂಡಿಟ್ಟಿದ್ದ ದುಡ್ಡು ಬರದಲ್ಲಿ ಕರಗಿ ಹೋಗಿತ್ತು. ಅದರ ಮೇಲೆ ಬ್ರಿಟಿಷ್ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲ. ವರ್ಷಾವರಿ ಕಪ್ಪ ಇಪ್ಪತ್ನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಿಸಬೇಕು ಅಂತ ಷರತ್ತು. ಬರದ ಪೆಟ್ಟಿನಿಂದಾಗಿ ಆ ಏರಿಕೆಯನ್ನ ಮುಂದಕ್ಕೆ ಹಾಕಿದರು, ಮನ್ನಾ ಮಾಡಲಿಲ್ಲ. ಯಾವುದೇ ಕಂಪನಿಯ ಲೆಕ್ಕದ ಪುಸ್ತಕ ಹೀಗಿದ್ದರೆ ಅದನ್ನ ಯಾರೂ ತಗೊಳ್ಳಲ್ಲ.

ಆಮೇಲೆ ಆ ಸಂಸ್ಥಾನ ಮಾಡಿದ ಎಷ್ಟೋ ಕೆಲಸಗಳನ್ನ ಬರದ ನೆನಪಿಟ್ಟುಕೊಂಡೇ ಓದಬೇಕು ಅನ್ನಿಸತ್ತೆ. 1881ರ ದಸರಾದಲ್ಲಿ ದಿವಾನ್ ರಂಗಾಚಾರ್ಲು 144 ಜನರ ಪ್ರಜಾಪ್ರತಿನಿಧಿ ಸಭೆ ಕರೆದರು. ಸರ್ಕಾರ ಪ್ರಜೆಗಳಿಗೆ ವರದಿ ಒಪ್ಪಿಸೋ ಏರ್ಪಾಡು. ಬರದ ಹೊತ್ತಿನಲ್ಲಿ ಕೈಗೆತ್ತಿಕೊಂಡಿದ್ದ ಮೈಸೂರು ರೈಲು 1882ರಲ್ಲಿ ಮೈಸೂರು ಮುಟ್ಟಿತು. ಶೇಷಾದ್ರಿ ಅಯ್ಯರ್ ದಿವಾನರಾದ ಮೇಲೆ ಹೆಸರಘಟ್ಟದ ನೀರು 1896ರಲ್ಲಿ ಬೆಂಗಳೂರಿಗೆ ಬಂತು. ಅದಕ್ಕೆ ಚಾಮರಾಜೇಂದ್ರರ ಹೆಸರೇ. 1894ರಲ್ಲೇ ಕಲ್ಕತ್ತೆಯಲ್ಲಿ, ಮೂವತ್ತೊಂದನೇ ವಯಸ್ಸಿಗೆ ತೀರಿಕೊಂಡ ಅವರು ಆ ನೀರು ನೋಡಲಿಲ್ಲ. ಅವರ ರಾಣಿ ವಾಣಿವಿಲಾಸ ಸನ್ನಿಧಾನ ರಾಜ್ಯ ನೋಡ್ಕೊಳ್ತಿದ್ದ ಕಾಲದಲ್ಲಿ, ಬರ ಹೆಚ್ಚು ಬಡಿದ ಅದೇ ಚಿತ್ರದುರ್ಗದ ಸೀಮೆಯಲ್ಲಿ ಮಾರಿಕಣಿವೆ ಅಣೆಕಟ್ಟು ಶುರುವಾಯ್ತು. ಬಸವನಗುಡಿಯ ವಾಣಿವಿಲಾಸ ರಸ್ತೆಯಲ್ಲಿ ಓಡಾಡೋವಾಗ ನಾನು ಇದನ್ನೆಲ್ಲಾ ಒಂದು ಸಲವೂ ಯೋಚಿಸಿರಲಿಲ್ಲ.

ಈಗ ಮತ್ತೆ ಅಜ್ಜಿ ಹತ್ರ ಬರ್ತೀನಿ.

ಅಂಕಿ ಅಂಶ ಎಲ್ಲಾ ಗುಡ್ಡೆ ಹಾಕ್ಕೊಂಡು ಅವರ ಮುಂದೆ ಕೂತೆ. ಅವರು ಜನಗಣತಿ ಕೇಳಿ ತಲೆ ಆಡಿಸಿದರು ಅಷ್ಟೇ. ಆಮೇಲೆ ಹೇಳಿದರು, ನಮ್ಮಜ್ಜಿಗೆ ಆವಾಗ ಐದೋ ಆರೋ ವರ್ಷ ಕಣೋ.

ನಾನು ಲೆಕ್ಕ ಹಾಕಿದೆ. ನಮ್ಮಜ್ಜಿಗೆ ಹತ್ತು ಹನ್ನೊಂದು ವರ್ಷ ಆಗೋವರೆಗೂ ಅವರಜ್ಜಿ ಬದುಕಿದ್ದರು. ಅಂದ್ರೆ ಧಾತು ಈಶ್ವರ ನೋಡಿದವರ ಬಾಯಿಂದ ಕೇಳಿದವರು ನನ್ನ ಎದುರಿಗೇ ಕೂತಿದ್ದಾರೆ. ನಾನು ಪುಸ್ತಕ ಹುಡುಕ್ಕೊಂಡು ಹೋಗಿದ್ದೆ.

ಆ ಮನೆಯವರು ಚಿಂತಾಮಣಿ ಕಡೆಯ ರೈತರು. ಆಗ ರಾಗಿಯನ್ನ ನೆಲದಲ್ಲಿ ಹಗೇವು ತೋಡಿ ತುಂಬಿಡ್ತಿದ್ದರು. ಬಾಯಿ ಕಿರಿದು, ಹೊಟ್ಟೆ ಅಗಲ. ರಾಗಿ ಅದರಲ್ಲಿ ವರ್ಷಗಟ್ಟಲೆ ಹುಳ ಹಿಡೀದೆ ಇರತ್ತೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ರಾಗಿಯನ್ನ ಹೀಗೆ ಹೂತಿಡೋದನ್ನ ಬರೆದಿದ್ದಾನೆ. ಒಂದು ವರ್ಷ ಮಳೆ ಹೋದರೂ ಬಯಲುಸೀಮೆ ಜನ ತಡ್ಕೊಳ್ತಿದ್ದುದು ಇದರ ಮೇಲೆ. ಹಗೇವು ತೆರೆದ ತಕ್ಷಣ ಒಳಗೆ ಇಳಿಯೋ ಹಾಗಿಲ್ಲ, ಉಸಿರುಗಟ್ಟತ್ತೆ. ಬಾಯಿ ತೆಗೆದಿಟ್ಟು, ಗಾಳಿ ಆಡಿದ ಮೇಲೆ ಇಳೀಬೇಕು.

ಅಜ್ಜಿ ಹೇಳಿದ್ದು ಇಷ್ಟು. "ನಮ್ಮಜ್ಜಿ ಅದನ್ನ ಜಾಸ್ತಿ ಹೇಳ್ತಿರಲಿಲ್ಲ. ಒಂದೇ ಮಾತು ಹೇಳ್ತಿದ್ರು. ಅವರಪ್ಪ ಯಾವಾಗಲೂ ಹಗೇವಿಗೆ ಮೊರ, ಕುಕ್ಕೆ ತಗೊಂಡು ಇಳೀತಿದ್ರಂತೆ. ಕೊನೇ ಸಲ ಪೊರಕೆ ತಗೊಂಡು ಇಳಿದ್ರಂತೆ."

ಆಮೇಲೆ ಅವರು ನಡ್ಕೊಂಡು ಬೆಂಗಳೂರಿಗೆ ಬಂದರು. ಏಳು ಜನ ಹೊರಟಿದ್ದರು, ಮೂವರು ಬಂದು ಮುಟ್ಟಿದರು. ಪೇಟೆಯಲ್ಲಿ ಯಾರದೋ ಮಂಡಿಯಲ್ಲಿ ಮೂಟೆ ಹೊರೋ ಕೆಲಸ. ಮುಂದೆ ಚಾಮರಾಜಪೇಟೆ. ನಮ್ಮ ಮನೆ ಕಥೆ ಶುರುವಾಗೋದು ಅಲ್ಲಿಂದ. ಬರಗೆಟ್ಟೋರ ಥರ ಅಂತ ನನ್ನ ಬೈದರಲ್ಲ, ನಾವೇ ಬರಗೆಟ್ಟೋರು.

ನಮ್ಮನೆಯಲ್ಲಿ ಅಡುಗೆ ಮನೆ ಮೂಲೇಲಿ ಒಂದು ಸ್ಟೀಲ್ ಡ್ರಮ್ ಇದೆ. ಅದರ ತುಂಬಾ ರಾಗಿ. ನಾನು ಹುಟ್ಟಿದಾಗಿನಿಂದ ಅದು ಖಾಲಿ ಆಗಿದ್ದು ನೋಡಿಲ್ಲ. ಕಾಲು ಭಾಗ ಇಳಿದರೆ ಅಜ್ಜಿಗೆ ಕಳವಳ, ಅಪ್ಪನ್ನ ಅಂಗಡಿಗೆ ಅಟ್ಟುತ್ತಾರೆ. ನಾವೆಲ್ಲಾ ಅದನ್ನ ಅಜ್ಜಿಯ ಬ್ಯಾಂಕ್ ಅಂತ ನಗ್ತಿದ್ವಿ. 2020ರ ಲಾಕ್‌ಡೌನ್ ಶುರುವಾದಾಗ ಎದುರು ಮನೆಯಲ್ಲಿ ಬಾಡಿಗೆಗಿದ್ದ ಇಬ್ಬರು ಹುಡುಗರಿಗೆ ಹೋಟೆಲ್ ಇಲ್ಲ, ಅಡುಗೆ ಬರಲ್ಲ. ಅಜ್ಜಿ ಡ್ರಮ್ ತೆಗೆಸಿದರು. ಮೂರು ವಾರ ಆ ಹುಡುಗರಿಗೆ ನಮ್ಮನೆಯಿಂದ ಮುದ್ದೆ, ಸಾರು. ಅವತ್ತೂ ನಾನು ಇದನ್ನ ಅಜ್ಜಿಯ ಒಳ್ಳೇತನ ಅಂದುಕೊಂಡಿದ್ದೆ. ಈಗ ಅನ್ನಿಸತ್ತೆ, ಅದರ ಹಿಂದೆ ಪೊರಕೆ ಹಿಡಿದು ಹಗೇವಿಗೆ ಇಳಿದ ಒಬ್ಬ ಮನುಷ್ಯ ಇದ್ದಾನೆ.

ಹಳೇ ಮನೆ ಬಿಟ್ಟು ಫ್ಲಾಟಿಗೆ ಹೋಗೋ ಮಾತು ನಮ್ಮನೆಯಲ್ಲಿ ನಡೀತಾ ಇದೆ. ಏನೇನು ತಗೊಂಡು ಹೋಗೋದು, ಏನು ಬಿಡೋದು ಅಂತ ಅಪ್ಪ ಪಟ್ಟಿ ಮಾಡಿದ್ದರು. ಬಿಡೋ ಪಟ್ಟಿಯಲ್ಲಿ ಡ್ರಮ್ಮೂ ಇತ್ತು. ಫ್ಲಾಟಿನ ಅಡುಗೆ ಮನೆ ಚಿಕ್ಕದು, ಅಪ್ಪ ಹೇಳೋದ್ರಲ್ಲೂ ಅರ್ಥ ಇದೆ. ನಾನು ಆ ಸಾಲು ಹೊಡೆದುಹಾಕಿ, ನನ್ನ ರೂಮಲ್ಲಿ ಇಟ್ಕೊಳ್ತೀನಿ ಅಂತ ಪಕ್ಕದಲ್ಲಿ ಬರೆದೆ. ಅಪ್ಪ ಏನೂ ಅನ್ನಲಿಲ್ಲ. ಅಜ್ಜಿ ಮಾತ್ರ, "ಮೈಕು, ವೈರು ಎಲ್ಲಾ ಎಲ್ಲಿ ಇಟ್ಕೊಳ್ತೀಯೋ?" ಅಂದರು.

ಅರಮನೆ ಮೈದಾನದಲ್ಲಿ ಊಟದ ಮೇಳ ಮಾಡಬಾರದು ಅಂತ ನಾನು ಹೇಳ್ತಾ ಇಲ್ಲ. ಮಾಡಲಿ, ನಾನೂ ಹೋಗ್ತೀನಿ. ಹಸಿದ ಊರಿನಲ್ಲಿ ಕಟ್ಟಿದ ಮನೆಯ ಅಂಗಳದಲ್ಲಿ ಜನ ಹೊಟ್ಟೆ ತುಂಬಾ ತಿನ್ನೋದು ಕೆಟ್ಟದ್ದೇನಲ್ಲ. ಆದರೆ ಅಲ್ಲಿ ನಿಂತು ಬುರುಜಿನ ಚೆಂದ, ವಿಂಡ್ಸರ್ ಕೋಟೆಯ ಹೋಲಿಕೆ ಇಷ್ಟೇ ಹೇಳಿದರೆ ಕಥೆ ಅರ್ಧ ಆಯ್ತು. 1874ರಿಂದ 1878 ಅಂತ ಯಾರಾದರೂ ಹೇಳಿದಾಗ ಆ ನಾಲ್ಕು ವರ್ಷದ ನಡುವೆ ಧಾತು, ಈಶ್ವರ ಅನ್ನೋ ಎರಡು ಹೆಸರು ಇವೆ ಅನ್ನೋದು ನೆನಪಿರಲಿ. ಮುಂದಿನ ಸಲ ನಾನು ಹದಿನಾಲ್ಕು ತಟ್ಟೆ ತಗೊಳ್ಳಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ನಿಮಗೆ ಒಂದು ಕೆಲಸ ಕೊಡ್ತೀನಿ. ಮನೆಯಲ್ಲಿ ಎಂಬತ್ತು ದಾಟಿದವರು ಇದ್ದರೆ ಈ ಭಾನುವಾರ ಹತ್ರ ಕೂತು ಕೇಳಿ. ನಿಮ್ಮಜ್ಜಿ, ನಿಮ್ಮ ತಾತ ಬರದ ಬಗ್ಗೆ ಏನು ಹೇಳ್ತಿದ್ರು ಅಂತ. ಫೋನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಒಂದೇ ಮಾತು ಸಿಕ್ಕರೂ ಸಾಕು. ನಾನು ಕೇಳೋಕೆ ಇಪ್ಪತ್ತೆಂಟು ವರ್ಷ ತಗೊಂಡೆ. ನೀವು ಅಷ್ಟು ತಡ ಮಾಡಬೇಡಿ.